ಯಮನವ್ವನ ಹೆರಳಿಗೆ ಗಂಜಿ

ಹರಿದ ಎಳೆ ಕಂಡರೆ ಅಮೀನಪ್ಪನ ಬೆರಳು ಸುಮ್ಮನಿರುತ್ತಿರಲಿಲ್ಲ. ಹುನಗುಂದದ ಬಸ್ಸಿನಲ್ಲಿ ಪಕ್ಕದವರ ಅಂಗಿಯ ತೋಳಿನಿಂದ ಒಂದು ದಾರ ಇಣುಕಿದರೆ ಸಾಕು, ಅವರು ಇಳಿಯುವಷ್ಟರಲ್ಲಿ ಅದನ್ನು ಹೊಸೆದು ಗಂಟು ಹಾಕಿ ಮುಗಿಸಿರುತ್ತಿದ್ದ. ಒಮ್ಮೆ ಕೋರ್ಟಿಗೆ ಹೊರಟಿದ್ದ ವಕೀಲರೊಬ್ಬರು ತಮ್ಮ ಕರಿಕೋಟಿನ ಮೇಲೆ ಯಾರದೋ ಕೈ ಓಡಾಡುವುದನ್ನು ಕಂಡು ಕಿಸೆಗಳ್ಳನೆಂದು ಕೂಗಿಕೊಂಡಿದ್ದರು. ಆಗಲೂ ಅಮೀನಪ್ಪ, "ಒಂದ್ ನಿಮಿಷ ತಡೀರಿ ಸಾಹೇಬ್ರ, ಇನ್ನೊಂದ್ ಎಳಿ ಉಳದೈತಿ. ಆಮ್ಯಾಲೆ ಕೂಗ್ರಿ," ಎಂದಿದ್ದನಂತೆ.

ಇಳಕಲ್ಲಿನ ನೇಕಾರ ಓಣಿಯಲ್ಲಿ ಅವನ ಕೆಲಸ ನೂಲಿಗೆ ಗಂಜಿ ಹಚ್ಚುವುದು. ಸೀರೆಯ ಉದ್ದೆಳೆಗಳನ್ನು ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ಅಕ್ಕಿಯ ಗಂಜಿಯನ್ನು ದೊಡ್ಡ ಕುಂಚದಿಂದ ಸವರಿ, ಒಣಗುವ ತನಕ ಬಾಚಿ ಬಾಚಿ ಬಿಡಿಸುತ್ತ ಹೋಗಬೇಕು. ಗಂಜಿ ಕಮ್ಮಿಯಾದರೆ ಮಗ್ಗದ ಮೇಲೆ ಎಳೆ ಹರಿಯುತ್ತದೆ. ಹೆಚ್ಚಾದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಆ ಓಣಿಯಲ್ಲಿ ಒಬ್ಬನನ್ನು ಕಳ್ಳನೆಂದರೆ ನಕ್ಕು ಬಿಟ್ಟಾನು, ಅವನ ಗಂಜಿಗೆ ಎಳೆ ಅಂಟಿತೆಂದರೆ ಮಾತು ಬಿಡುತ್ತಾನೆ.

ಅಮೀನಪ್ಪನದು ಒಳ್ಳೆಯ ಕೈಯೇ. ಆದರೆ ಕೈಗಿಂತ ಬಾಯಿ ತುಸು ಮುಂದೆ. ಅವನಿಗೆ ಕೆಲಸ ಕೊಡುವ ಸೀರೆ ವ್ಯಾಪಾರಿ ಧರ್ಮರಾಜ ಸಾವ್ಕಾರರ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೆ, "ನಾ ಗಂಜಿ ಹಚ್ಚಿದ್ರಾಗ ಎಳಿಗೆ ಎಳಿ ಅಂಟಿದ್ದು ಯಾರರ ತೋರಸ್ರಿ, ಅವತ್ತ ಕುಂಚ ಕೆಳಗಿಡ್ತೇನಿ," ಎಂದು ಹೇಳಿಬಿಟ್ಟಿದ್ದ. ಯಾರೂ ಕೇಳಿರಲಿಲ್ಲ. ತಾನಾಗಿಯೇ ಹೇಳಿದ್ದ.

ಹೀಗಿರಲು ಒಂದು ಬೆಳಿಗ್ಗೆ ಅವನ ಹೆಂಡತಿ ಯಮನವ್ವ ತಲೆ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತಳು. ಅವಳ ಕೂದಲು ಮೊಣಕಾಲು ದಾಟುತ್ತಿತ್ತು. ಅಮೀನಪ್ಪ ಅದನ್ನು ತಾನೇ ನೇಯ್ದವನಂತೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೊತ್ತುಕೊಂಡು ತಿರುಗುವವಳು ಅವಳು.

"ಇಲ್ಲೆ ನೋಡ್ರಿ," ಎಂದು ಅವಳು ತುದಿಯನ್ನು ಬಿಸಿಲಿಗೆ ಹಿಡಿದಳು. "ಒಂದೊಂದ್ ಕೂದಲಾ ಎರಡೆರಡ ಆಗಿ ಸೀಳ್ಯಾವ. ಬಾಚಣಗಿ ಹಚ್ಚಿದ್ರ ನಡುವ ಮುರಿತಾವ. ಬಸ್‌ಸ್ಟ್ಯಾಂಡ್ ಹತ್ರ ಪಾರ್ಲರ್ ಐತಲ್ಲ, ಆ ಖುಶನುಮಾ ಹೇಳಿದ್ಲು, ಎರಡ ಬೆರಳು ಕತ್ತರಿಸಿ ಒಗದ್ರ ಸೀಳು ಮ್ಯಾಲ ಏರಂಗಿಲ್ಲಂತ. ಇಲ್ಲಂದ್ರ ಏರಕೋತ ಹೋಗತೈತಂತ."

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ತಾಯವ್ವನಿಗೆ ಬೇರೆ ಹೊತ್ತಿನಲ್ಲಿ ಕಿವಿ ಮಂದ. ಕತ್ತರಿಯ ಮಾತು ಮಾತ್ರ ಗೋಡೆ ದಾಟಿ ಕೇಳಿಸಿತು. "ಮುತ್ತೈದಿ ಕೂದಲಕ್ಕ ಕತ್ರಿ ಹಚ್ಚೂದಂದ್ರ ಗಂಡನ ಆಯುಷ್ಯಕ್ಕ ಹಚ್ಚಿದಂಗ. ನನ್ನ ಮಗ ನಿನಗ ಏನ್ ಮಾಡ್ಯಾನ?"

"ಎರಡ ಬೆರಳಿಗೆ ಎಷ್ಟ್ ಆಯುಷ್ಯ ಹೋದೀತ್ರಿ ಅತ್ತಿ? ಭಾಳಂದ್ರ ನಾಕ್ ದಿನ."

"ನಾಕ್ ದಿನದಾಗ ಒಂದ್ ಸೀರಿ ಕೆಲಸ ಮುಗಿತೈತಿ," ಎಂದ ಅಮೀನಪ್ಪ. ಅವನು ಆಗಲೇ ಹೆಂಡತಿಯ ಕೂದಲಿನ ತುದಿಯನ್ನು ಬೆರಳಲ್ಲಿ ಹೊಸೆದು ನೋಡುತ್ತಿದ್ದ. ಮುಖದ ಮೇಲೆ ಬೆಳಕು ಮೂಡಿತು. ಆ ಮನೆಯಲ್ಲಿ ಆಗಿದ್ದ ಅನಾಹುತಗಳೆಲ್ಲ ಅದೇ ಬೆಳಕಿನಿಂದ ಶುರುವಾಗಿದ್ದವು.

"ಏ ಯಮನವ್ವ, ಹರಿಯೂ ಎಳಿಗೆ ಯಾರರ ಕತ್ರಿ ಹಚ್ಚತಾರೇನು? ಗಂಜಿ ಹಚ್ಚತಾರ. ದಿನಾ ಸಾವಿರ ಎಳಿ ಗಟ್ಟಿ ಮಾಡಾವ ನಾ. ಮನ್ಯಾಗಿಂದು ಹರಿಯಾಕತ್ತಂದ್ರ ಜನ ಏನಂತಾರ?"

"ಇದು ನೂಲಲ್ಲರಿ. ಕೂದಲಾ."

"ಅದನ್ನೂ ವಿಚಾರ ಮಾಡೇನಿ. ಹತ್ತಿಗೆ ಅಕ್ಕಿ ಗಂಜಿ. ಕೂದಲಾ ಉಣ್ಣಿ ಜಾತಿ. ಕಂಬಳಿ ನೇಯಾವ್ರು ಉಣ್ಣಿಗೆ ಏನ್ ಹಚ್ಚತಾರ? ಹುಣಸಿ ಬೀಜದ ಗಂಜಿ. ಕಂಬಳಿ ಹರದಿದ್ದ ಎಲ್ಲೆರ ನೋಡಿಯೇನು?"

"ನಾ ಕುರಿ ಅಲ್ಲರಿ," ಎಂದಳು ಯಮನವ್ವ.

ಆದರೆ ಮರುದಿನ ಅವನು ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ತಾನೇ ಒಲೆಯ ಮುಂದೆ ಕುಳಿತು ಬೆವರು ಸುರಿಸುತ್ತ ಗಂಜಿ ತಿರುವತೊಡಗಿದಾಗ ಅವಳ ಮನಸ್ಸು ಸಡಿಲವಾಯಿತು. ಮದುವೆಯಾದಂದಿನಿಂದ ಅವಳಿಗಾಗಿ ಅವನು ಒಂದು ಲೋಟ ಚಹಾ ಕಾಸಿದವನಲ್ಲ. ತನ್ನ ತಲೆಯ ಸಲುವಾಗಿ ಗಂಡ ಒಲೆಯ ಮುಂದೆ ಕೂತಿದ್ದಾನೆಂದರೆ ಯಾವ ಹೆಂಗಸಾದರೂ ತಲೆ ಕೊಡುತ್ತಾಳೆ.

ಹಿತ್ತಲಿನಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿದ. ಕೂದಲಿನ ತುದಿಗೆ ದಾರ ಕಟ್ಟಿ ಬೇವಿನ ಮರದ ಮೊಳೆಗೆ ಬಿಗಿದ. ಮರಕ್ಕೂ ಹೆಂಡತಿಗೂ ನಡುವೆ ಕೂದಲು ಕರಿಸೀರೆಯ ನೂಲಿನಂತೆ ನೆಟ್ಟಗೆ ನಿಂತಿತು. ಅಮೀನಪ್ಪ ಕುಂಚ ಅದ್ದಿ ಮೇಲಿಂದ ಕೆಳಗೆ ಸವರುತ್ತ ಹೋದ. ಅಂಥ ಶ್ರದ್ಧೆ ಅವನು ಧರ್ಮರಾಜರ ರೇಷ್ಮೆಗೂ ತೋರಿಸಿರಲಿಲ್ಲ.

"ಅಳ್ಳಾಡಬ್ಯಾಡ. ಒಣಗೂ ತನಕ ಎಳಿ ಬಿಗಿ ಇರಬೇಕು. ನಡುವ ನಾ ಬಾಚಿ ಬಿಡಸ್ಕೋತ ಇರ್ತೇನಿ."

"ಮೂಗು ಕಡ್ಯಾಕತ್ತೈತ್ರಿ."

"ನಾ ತುರಸ್ತೇನಿ. ನೀ ಅಳ್ಳಾಡಬ್ಯಾಡ."

ಇಲ್ಲಿಯವರೆಗೆ ಅವನ ಲೆಕ್ಕ ತಪ್ಪಿರಲಿಲ್ಲವೆಂದೇ ಹೇಳಬೇಕು. ಆದರೆ ಅಷ್ಟರಲ್ಲಿ ಓಣಿಯ ಕೊನೆಯಿಂದ ಒಂದು ಕೂಗು ಬಂತು. "ನಳಾ ಬಂತು."

ನಳದ ನೀರು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಆ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ಆ ಕೂಗಿಗೆ ಬಾಣಂತಿಯರು ಎದ್ದದ್ದುಂಟು, ಜಗಳ ಅರ್ಧಕ್ಕೆ ನಿಂತದ್ದುಂಟು. ಯಮನವ್ವ ಮೊಳೆಯಿಂದ ಕೂದಲು ಕಿತ್ತು, ಹಸಿ ಗಂಜಿಯ ಸಮೇತ ಗರಗರ ತಿರುವಿ ತುರುಬು ಕಟ್ಟಿ, ಮೇಲೆ ಸೆರಗು ಹೊದ್ದು, ಎರಡು ಕೊಡ ಎತ್ತಿಕೊಂಡು ಓಡಿದಳು. ಕುಂಚ ಹಿಡಿದ ಅಮೀನಪ್ಪ ಬಾಗಿಲ ತನಕ ಬೆನ್ನು ಹತ್ತಿದ.

"ಲೇ, ಬಿಗಿ, ಬಿಗಿ ಹೋತಲೇ."

"ನೀರು ಹೋತಂದ್ರ ನೀವು ತರ್ತೀರೇನು?" ಎಂಬುದು ಓಣಿಯ ತಿರುವಿನಿಂದ ಕೇಳಿತು.

ಅದು ಮೇ ತಿಂಗಳ ಇಳಕಲ್ಲಿನ ಬಿಸಿಲು. ಡ್ರಮ್ಮು ತುಂಬಿ, ಹಂಡೆ ತುಂಬಿ, ಅತ್ತೆಯ ಬೇರೆ ಕೊಡ ತುಂಬುವಷ್ಟರಲ್ಲಿ ಯಮನವ್ವನ ತುರುಬು ಸುತ್ತಲಿನ ಗಣಿಗಳ ಕೆಂಪುಕಲ್ಲಿಗೆ ಸವಾಲು ಹಾಕುವ ಹಾಗಿತ್ತು. ಕೊನೆಯ ಕೊಡ ತಲೆಗೇರಿಸಲು ಪಕ್ಕದ ಮನೆಯ ಬಾಳಮ್ಮ ಕೈಕೊಟ್ಟಳು. ಸೆರಗು ಜಾರಿತು. ತುರುಬಿನಿಂದ ಹೆಬ್ಬೆರಳು ದಪ್ಪದ ಕಂದುಬಣ್ಣದ ಹಗ್ಗವೊಂದು ಟಣ್ಣನೆ ಹೊರಬಂದು ಗಾಳಿಯಲ್ಲಿ ನಿಂತುಕೊಂಡಿತು.

ಬಾಳಮ್ಮ ಕೊಡ ಬಿಟ್ಟಳು. ತುಂಬಿದ ಕೊಡ ಬಿಡುವವಳಲ್ಲ ಬಾಳಮ್ಮ; ಬಿಟ್ಟಳೆಂದರೆ ವಿಷಯ ದೊಡ್ಡದೆಂದು ಎಲ್ಲರೂ ತಿರುಗಿದರು.

"ಜಡಿ ಬಂದಾವ," ಎಂದು ಬಾಳಮ್ಮ ಕೈ ಮುಗಿದಳು. "ಎಲ್ಲವ್ವ ತಾಯಿ, ನಮ್ಮ ಓಣಿಗೆ ಬಂದಿ."

ಕೂದಲು ತಾನಾಗಿ ಜಡೆಗಟ್ಟಿದರೆ ಎಲ್ಲವ್ವ ದೇವಿ ಮೈಗೆ ಬಂದಳೆಂದು ಆ ಕಡೆ ಈಗಲೂ ನಂಬುವವರುಂಟು. ಅದನ್ನು ಬಾಚಬಾರದು, ಕತ್ತರಿಸಬಾರದು. ಭಂಡಾರವೆನ್ನುವ ಅರಿಸಿನ ಹಚ್ಚಿ ಜೀವ ಇರುವ ತನಕ ಹೊತ್ತುಕೊಂಡಿರಬೇಕು.

"ಬಾಳಕ್ಕ, ಗಂಜಿ ಅದು. ನಮ್ಮ ಮನಿಯವ್ರು ಹಚ್ಯಾರ," ಎಂದಳು ಯಮನವ್ವ.

"ಮೊದಮೊದಲ ಎಲ್ಲಾರೂ ಒಪ್ಪಂಗಿಲ್ಲ ತಾಯಿ."

"ಹಿಂದಿನ ಸರ್ತಿ ಇದ ಪಾಳಿ ಸಲುವಾಗಿ ನನ್ನ ಕೊಡಾ ಒದ್ದಿದ್ದಿ, ಇವತ್ತ ತಾಯಿ ಏನು?"

"ಒದ್ದಿದ್ದೆ ತಾಯಿ. ತಪ್ಪಾತು. ಇನ್ನ ನೀ ಪಾಳಿ ಹಚ್ಚೂದ ಬ್ಯಾಡ, ನಿನ್ನ ನೀರು ನಾ ತುಂಬತೇನಿ."

ಯಮನವ್ವ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹಿಂದಿನ ದಿನ ಸಾಬೂನು ಜಾಸ್ತಿ ಸವೆಸಿದಳೆಂದು ಸೊಸೆಯ ತವರನ್ನೆಲ್ಲ ಎತ್ತಿ ಆಡಿದ್ದ ತಾಯವ್ವ ಈಗ ಹೊಸ್ತಿಲಲ್ಲಿ ಆರತಿ ಹಿಡಿದು ನಿಂತಿದ್ದಳು. "ಸಾಬೂನಿಂದು ಮನಸ್ಸಿನ್ಯಾಗ ಇಟಗೋಬ್ಯಾಡ ತಾಯಿ. ಎಷ್ಟ್ ಬೇಕಷ್ಟ್ ಹಚ್ಚಕೋ."

ಇಷ್ಟಾದರೂ ಅಮೀನಪ್ಪ ಒಂದು ಮಾತು ಆಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಾಳಮ್ಮ ನೇರವಾಗಿಯೇ ಕೇಳಿದಳು. "ಅಮೀನಪ್ಪ, ನಿನ್ನ ಹೆಂಡ್ತಿ ಇದು ಗಂಜಿ ಅಂತಾಳ. ಖರೇ ಏನು?"

ಅಮೀನಪ್ಪ ಬಾಯಿ ತೆರೆದ. ಅದೇ ಹೊತ್ತಿಗೆ ಧರ್ಮರಾಜ ಸಾವ್ಕಾರರ ಸ್ಕೂಟರ್ ಬಂದು ಗುಂಪಿನ ಅಂಚಿಗೆ ನಿಂತಿತು. ನೂಲಿನ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದರು. ಅಮೀನಪ್ಪ ಸಾವ್ಕಾರರ ಮುಖ ನೋಡಿದ. ಹಗ್ಗವಾಗಿ ನಿಂತಿದ್ದ ಹೆಂಡತಿಯ ಕೂದಲು ನೋಡಿದ. ಕೆಳಗಿಡುತ್ತೇನೆಂದು ಹೇಳಿದ್ದ ಕುಂಚ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಅಡಗಿಸಿಕೊಂಡ.

"ಗಂಜಿ? ಯಾವ ಗಂಜಿ? ನನಗೇನ್ ಗೊತ್ತಿಲ್ಲವಾ."

ಯಮನವ್ವ ಅವನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಊಟ ಸೇರುತ್ತಿತ್ತು.

"ಸಾವ್ಕಾರ್ರು ಹೋಗ್ಲಿ ತಡಿ," ಎಂದು ಒಳಗೆ ಬಂದ ಮೇಲೆ ಅವನು ಪಿಸುಗುಟ್ಟಿದ. "ಬಿಸಿನೀರಾಗ ತೊಳದ್ರ ಬಿಟಗೊಂಡು ಬರತೈತಿ. ಯಾರಿಗೂ ಹೇಳೂದ ಬ್ಯಾಡ. ಹೆಂಗ ಬಂದ್ಲೋ ಹಂಗ ಹೋದ್ಲು ಅಂತ ತಿಳಕೋತಾರ."

ಉಪಾಯ ಚೆನ್ನಾಗಿತ್ತು. ಆದರೆ ಬಚ್ಚಲಿನ ಬಾಗಿಲಲ್ಲಿ ತಾಯವ್ವ ಕಾಲು ಚಾಚಿ ಕುಳಿತಿದ್ದಳು. ಜಡಿಗೆ ಬಿಸಿನೀರು ತಾಗಿದರೆ ದೇವಿಗೆ ಸಿಟ್ಟು ಬರುತ್ತದೆಂದು ಬಾಳಮ್ಮ ಹೇಳಿಹೋಗಿದ್ದಳು. ಸೊಸೆ ಎಷ್ಟು ಬೇಡಿದರೂ ಮುದುಕಿ ಏಳಲಿಲ್ಲ. ತಲೆಯ ಮೇಲೆ ಕಲ್ಲು ಹೊತ್ತವಳಂತೆ ಯಮನವ್ವ ರಾತ್ರಿಯೆಲ್ಲ ಒಂದೇ ಮಗ್ಗುಲಿಗೆ ಒರಗಿ ಉಳಿದಳು. ಇನ್ನೊಂದು ಮಗ್ಗುಲಿಗೆ ಜಡೆ ಚುಚ್ಚುತ್ತಿತ್ತು.

ಬೆಳಗಾಗುವಷ್ಟರಲ್ಲಿ ಮನೆಯ ಮುಂದೆ ದರ್ಶನಕ್ಕೆ ಜನರ ಪಾಳಿ ಹತ್ತಿತ್ತು. ಬಾಳಮ್ಮ ಫೋಟೊ ತೆಗೆದು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅದು ಅಲ್ಲಿಂದ ಎಲ್ಲೆಲ್ಲಿಗೋ ಹೋಗಿ, ಹಿಂದಿನ ಸಂಜೆಗೇ ಹುನಗುಂದ ತಲುಪಿ, ರಾಮಥಾಳದಿಂದಲೂ ಒಂದು ಟಂಟಂ ರಿಕ್ಷಾ ತುಂಬ ಜನರನ್ನು ಕರೆತಂದಿತ್ತು. ಬಾಳಮ್ಮನೇ ಪಾಳಿ ನೋಡಿಕೊಳ್ಳುತ್ತಿದ್ದಳು. ಯಮನವ್ವನ ಹಣೆ, ಕೆನ್ನೆ, ಜಡೆ ಎಲ್ಲ ಅರಿಸಿನ.

"ತಾಯಿ, ನನ್ನ ಮಗಗ ನೌಕರಿ ಯಾವಾಗ ಸಿಗತೈತಿ?" ಎಂದು ಒಬ್ಬಾಕೆ ಕೇಳಿದಳು.

"ನನಗೇನ್ ಗೊತ್ತವಾ? ಅರ್ಜಿ ಹಾಕ್ಯಾನೇನು?"

"ಇಲ್ಲ ತಾಯಿ."

"ಮತ್ತ ಹಾಕಂತ ಹೇಳು."

ಆಕೆ ಕಣ್ಣೊರೆಸಿಕೊಂಡು, "ಎಷ್ಟ್ ಖರೆ ಹೇಳಿದ್ಲು ನೋಡ್ರಿ," ಎಂದು ಹೊರಬಂದಳು. ಪಾಳಿ ಇನ್ನೂ ಉದ್ದವಾಯಿತು.

"ತಾಯಿ, ಈ ತಲಿನೋವು ಯಾವಾಗ ಹೋಗತೈತಿ?" ಎಂದ ಮತ್ತೊಬ್ಬ.

"ನಂದ ಹೋಗವಲ್ದು," ಎಂದಳು ಯಮನವ್ವ. ಅವನು ದೇವಿ ತನ್ನ ನೋವನ್ನು ತೆಗೆದುಕೊಂಡಳೆಂದು ಉದ್ದಂಡ ನಮಸ್ಕಾರ ಹಾಕಿದ.

ಅಮೀನಪ್ಪ ಮೂಲೆಯಲ್ಲಿ ಕುಳಿತು ಒಡೆದ ತೆಂಗಿನಕಾಯಿಗಳನ್ನು ಸಾಲಾಗಿ ಜೋಡಿಸುತ್ತಿದ್ದ. ಹೆಂಡತಿಯ ಕಡೆ ನೋಡುವ ಧೈರ್ಯವಿರಲಿಲ್ಲ. ಸಾವ್ಕಾರರು ತಾವೇ ಒಂದು ಕಾಯಿ ಹಿಡಿದು ಪಾಳಿಯಲ್ಲಿ ನಿಂತದ್ದನ್ನು ಕಂಡ ಮೇಲಂತೂ ಹೇಳುವ ದಾರಿಯೇ ಮುಚ್ಚಿತೆಂದು ತಿಳಿದ.

ಮಧ್ಯಾಹ್ನಕ್ಕೆ ಹುನಗುಂದದಿಂದ ಜೀಪು ಬಂತು. ಹೆಂಗಸರ ಇಲಾಖೆಯ ಅಧಿಕಾರಿ ಗೀತಾಂಜಲಿ ಮೇಡಮ್ ಇಳಿದರು. ಒಂದು ಕೈಯಲ್ಲಿ ಶಾಂಪೂ, ಇನ್ನೊಂದರಲ್ಲಿ ಹೊಳೆಯುವ ಕತ್ತರಿ. ಅವರು ಆ ಭಾಗದಲ್ಲಿ ಎಷ್ಟೋ ಹೆಣ್ಣುಮಕ್ಕಳ ಜಡೆ ಬಿಡಿಸಿ ಬದುಕು ಹಗುರ ಮಾಡಿದವರು. ಒಳ್ಳೆಯ ಮನಸ್ಸಿನವರು. ಭಾಷಣ ಮಾತ್ರ ಒಂದೇ ಇತ್ತು.

"ನೋಡ್ರಿ, ಇದು ದೇವಿನೂ ಅಲ್ಲ, ಏನೂ ಅಲ್ಲ. ತಿಂಗಳುಗಟ್ಟಲೆ ತಲಿ ತೊಳಕೊಳ್ಳದ ಬಿಟ್ರ ಹೊಲಸು, ಜಿಡ್ಡು ಸೇರಿ ಹಿಂಗ ಗಂಟಾಗತೈತಿ."

ದೇವಿಯೆಂದರೂ ತಾಳಿಕೊಂಡಿದ್ದ ಯಮನವ್ವನಿಗೆ ಈ ಮಾತು ತಾಳಲಾಗಲಿಲ್ಲ. "ಮೊನ್ನೆನ ತೊಳಕೊಂಡೇನ್ರಿ ಬಾಯಾರ. ಸಾಬೂನು ಸವಸೀನಿ ಅಂತ ಅತ್ತಿ ಕಡಿಂದ ಬೈಸಕೊಂಡೂ ಆಗೇತಿ. ಇದು ಗಂಜಿ."

"ಹೆದರಬ್ಯಾಡ್ರಿ. ಮನಿಯವ್ರು ಹಂಗ ಹೇಳು ಅಂತ ಕಲಿಸಿರ್ತಾರ," ಎಂದು ಮೇಡಮ್ ಅವಳ ಬೆನ್ನು ಸವರಿದರು. "ಬುಡದಾಗ ಕತ್ತರಿಸಿಬಿಡೂಣು. ಎರಡ ನಿಮಿಷ."

"ಕತ್ತರಿ ತಾಕಿದ್ರ ಓಣಿ ಉಳಿಯಂಗಿಲ್ಲ," ಎಂದು ಬಾಳಮ್ಮ ಅಡ್ಡ ಬಂದಳು. ಅವಳ ಹಿಂದೆ ಪಾಳಿಯೆಲ್ಲ ಬಂತು. ಜೀಪಿನ ಡ್ರೈವರ್ ಇಳಿದು ಮೇಡಮ್ಮಿನ ಹಿಂದೆ ನಿಂತ. ಆ ಕಡೆಯವರು ಎಂದೆಂದಿಗೂ ಕತ್ತರಿಸಬಾರದೆನ್ನುತ್ತಿದ್ದರು. ಈ ಕಡೆಯವರು ಬುಡಸಮೇತ ಈಗಲೇ ಕತ್ತರಿಸಬೇಕೆನ್ನುತ್ತಿದ್ದರು. ಎರಡೇ ಬೆರಳು ಕತ್ತರಿಸಬೇಕೆಂದಿದ್ದವಳು ನಡುವೆ ಕುಳಿತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಕತ್ತರಿ ಕುತ್ತಿಗೆಯ ಹತ್ತಿರ ಬಂದಾಗ ಯಮನವ್ವ ಎರಡೂ ಕೈಯಿಂದ ಜಡೆಯನ್ನು ಅವುಚಿಕೊಂಡಳು. ಮಗುವನ್ನು ಅವುಚಿಕೊಂಡ ಹಾಗೆ. ಮೂಲೆಯಲ್ಲಿದ್ದ ಗಂಡನನ್ನು ನೋಡಿದಳು, ಅಷ್ಟೆ.

ಅಮೀನಪ್ಪನ ಕೈಯಿಂದ ತೆಂಗಿನ ಹೋಳು ಬಿತ್ತು.

"ಗಂಜಿ ಐತ್ರಿ," ಎಂದ. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದ. "ಗಂಜಿ ಐತಿ. ಹುಣಸಿ ಬೀಜದ್ದು. ನಾನ ಹಚ್ಚೇನಿ. ಎಳಿಗೆ ಎಳಿ ಅಂಟೇತಿ. ಸಾವ್ಕಾರ್ರು ಕೇಳ್ಲಿ, ಯಾರರ ಕೇಳ್ಲಿ. ಆಕಿ ಕೂದಲಾ ಬಿಡ್ರಿ."

ಯಾರೂ ನಂಬಲಿಲ್ಲ.

"ಕತ್ರಿ ತಪ್ಪಸಾಕ ಸುಳ್ಳ ಹೇಳಾಕತ್ತಾನ, ಪಾಪ," ಎಂದಳು ಬಾಳಮ್ಮ.

"ತಲಿಗೆ ಯಾರರ ಗಂಜಿ ಹಚ್ಚತಾರೇನ್ರಿ?" ಎಂದರು ಮೇಡಮ್.

"ಹಚ್ಚಂಗಿಲ್ಲರಿ. ನಾ ಹಚ್ಚೇನಿ," ಎಂದ ಅಮೀನಪ್ಪ. "ಸಾವ್ಕಾರ್ರ, ನಿಮ್ಮ ಕೈಗೆ ಗೊತ್ತಾಗತೈತಿ. ನೀವ ನೋಡ್ರಿ."

ಧರ್ಮರಾಜ ಕಾಯಿಯನ್ನು ಪಕ್ಕದವನ ಕೈಗೆ ಕೊಟ್ಟು ಮುಂದೆ ಬಂದರು. ಮೊದಲು ಜಡೆಗೆ ಕೈ ಮುಗಿದರು, ಇರಲಿ ಎಂದು. ಆಮೇಲೆ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದರು. ಒಂದು ಚೂರು ಪುಡಿ ಬಿತ್ತು. ನಾಲಿಗೆಗೆ ಹಚ್ಚಿಕೊಂಡರು. ಕಣ್ಣು ಮುಚ್ಚಿದರು.

"ಹುಣಸಿ ಬೀಜ," ಎಂದರು. "ಎಣ್ಣಿ ಬಿಟ್ಟಿಲ್ಲೇನಲೇ?"

"ಕೂದಲಾಗ ಎಣ್ಣಿ ಇರತೈತಲ್ಲಂತ ಬಿಟ್ಟಿಲ್ರಿ."

"ಅಲ್ಲೆ ತಪ್ಪೀದಿ."

ಆಗ ಪಾಳಿ ಮುರಿಯಿತು. ಅಲ್ಲಿದ್ದವರಲ್ಲಿ ಮುಕ್ಕಾಲು ಪಾಲು ನೇಕಾರರು. ಬೆಳಿಗ್ಗೆಯಿಂದ ಕೈ ಮುಗಿದು ನಿಂತಿದ್ದವರೆಲ್ಲ ಈಗ ಕೈ ಚಾಚಿ ಒಂದೊಂದು ಹಗ್ಗ ಹಿಡಿದು ಉಜ್ಜತೊಡಗಿದರು. ಒಬ್ಬ ಕುದಿ ಸಾಲದೆಂದ. ಒಬ್ಬ ಬೀಜ ಸರಿಯಾಗಿ ಹುರಿದಿಲ್ಲವೆಂದ. ತಲೆನೋವಿನವನು ಉದ್ದಂಡ ಬಿದ್ದಾಗ ಹತ್ತಿದ ಧೂಳನ್ನೂ ಕೊಡವಿಕೊಳ್ಳದೆ, "ಒಣಗೂಕಿಂತ ಮೊದಲ ಯಾಕ ಬಾಚಲಿಲ್ಲ?" ಎಂದು ಅಮೀನಪ್ಪನ ಮೇಲೆ ಏರಿಹೋದ. ಕೊನೆಗೆ ಬಾಳಮ್ಮನೂ ಮೂಗಿನ ಹತ್ತಿರ ಹಿಡಿದು ಮೂಸಿದಳು. ಅವಳ ಕೈಯೂ ಹುಟ್ಟಿದಂದಿನಿಂದ ನೂಲಿನಲ್ಲಿ ಆಡಿದ್ದೇ.

"ನೀರು ಕಮ್ಮಿ ಆಗೇತಿ," ಎಂದಳು.

ಆ ಗದ್ದಲದಲ್ಲಿ ದೇವಿ ಯಾವಾಗ ಎದ್ದುಹೋದಳೋ ಯಾರೂ ನೋಡಲಿಲ್ಲ.

"ಎಲ್ಲಾರೂ ನೋಡಿ ಆತಿಲ್ಲ?" ಎಂದಳು ಯಮನವ್ವ. "ಇನ್ನ ಬಚ್ಚಲಾ ಬಿಡಸ್ರಿ. ನೀರು ಕಾಸ್ರಿ."

ತಾಯವ್ವ ಎದ್ದಳು. ಬಾಳಮ್ಮ ತನ್ನ ಡ್ರಮ್ಮಿನಿಂದ ನೀರು ತಂದಳು. ಗೀತಾಂಜಲಿ ಮೇಡಮ್ ಸೆರಗು ಸಿಕ್ಕಿಸಿ ತಾವೇ ಕುಳಿತರು. ಭಾಷಣವಿಲ್ಲದಾಗ ಅವರ ಕೈ ಬಹಳ ಮೃದು. ಹಂಡೆಗಟ್ಟಲೆ ಬಿಸಿನೀರು ಹೋದ ಮೇಲೆ ಮೊದಲ ಹಗ್ಗ ಬಿಚ್ಚಿತು. ಎಲ್ಲ ಬಿಚ್ಚಿದಾಗ ಹೊತ್ತು ಇಳಿದಿತ್ತು. ಕೂದಲು ಉಳಿಯಿತು. ತುದಿಗಳು ಮಾತ್ರ ಹಳೆಯ ಕಸಬರಿಗೆಯಂತೆ ಕೆದರಿದ್ದವು.

"ಆ ಕತ್ರಿ ತರ್ರಿ ಬಾಯಾರ," ಎಂದಳು ಯಮನವ್ವ. "ಬುಡಕ್ಕಲ್ಲ. ತುದಿಗೆ. ಎರಡ ಬೆರಳು ಅಂದಿದ್ದೆ, ಈಗ ಒಂದ್ ಗೇಣು ಹೋಗ್ಲಿ."

ತಾಯವ್ವನ ತುಟಿ ಅಲುಗಿತು. "ಗಂಡಗ ಏನರ ಆದೀತಲ್ಲವಾ?"

"ಆಗೂದೆಲ್ಲಾ ಆಗೇತ್ರಿ ಅತ್ತಿ. ನೋಡ್ರಿ ಅವರ ಮಾರಿ."

ಅಮೀನಪ್ಪ ಗೋಡೆಗೆ ಆತುಕೊಂಡು ನಿಂತಿದ್ದ. ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಸಾವ್ಕಾರರ ಮುಂದೆ ಚಾಚಿದ. "ಆಡಿದ ಮಾತು ಆಡೀನ್ರಿ. ತಗೋರಿ."

ಧರ್ಮರಾಜ ಕುಂಚ ನೋಡಿದರು, ಅವನನ್ನು ನೋಡಿದರು. "ಕೆಳಗ ಇಡಬ್ಯಾಡ. ಹೆಂಡ್ತಿಯಿಂದ ದೂರ ಇಡು, ಸಾಕು. ಸೋಮವಾರ ನೂಲು ಕಳಸ್ತೇನಿ," ಎಂದು ಸ್ಕೂಟರ್ ಒದ್ದರು.

ಕತ್ತರಿ ಕಚಕಚನೆ ಓಡಿತು. ಕತ್ತರಿಸಿದ ಗೇಣುದ್ದ ನೆಲಕ್ಕೆ ಬಿದ್ದಾಗ ಯಮನವ್ವ ತಲೆಯನ್ನು ಆಚೀಚೆ ತೂಗಿ ನೋಡಿದಳು. ಎರಡು ದಿನದ ಮೇಲೆ ಕತ್ತು ತಿರುಗಿತ್ತು.

"ಇನ್ನೊಂದ್ ಮಾತು," ಎಂದರು ಮೇಡಮ್, ಕತ್ತರಿ ಒರೆಸುತ್ತ. "ಕೂದಲಾ ಸೀಳೂದು ಯಾತಕ್ಕಂದ್ರ, ಒದ್ದಿ ಇದ್ದಾಗ ಕಟ್ಟಿಕೊಂಡು ಕೆಲಸಕ್ಕ ಓಡತೀರಿ ನೀವು. ಪೂರ್ತಿ ಒಣಗೂ ತನಕ ಸುಮ್ಮನ ಒಂದ್ ಕಡಿ ಕುಂದರ್ರಿ."

"ಹಂಗಾದ್ರ ಒಣಗೂ ತನಕ ನಾ ಏಳಂಗಿಲ್ಲ," ಎಂದು ಯಮನವ್ವ ಕಟ್ಟೆಯ ಮೇಲೆ ಕೂದಲು ಹರಡಿ, ಕಾಲು ನೀಡಿ ಕುಳಿತಳು. ಅಧಿಕಾರಿಯ ಮಾತು. ಮೀರುವ ಹಾಗಿರಲಿಲ್ಲ. ಜನ ಚದುರಿದರು, ಜೀಪು ಹೋಯಿತು. ಉಣ್ಣುವ ಹೊತ್ತಾಯಿತು. ಅವಳು ಏಳಲಿಲ್ಲ.

ತುಸು ಹೊತ್ತಿಗೆ ಅಡುಗೆಮನೆಯಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬಂತು. ನಿಂತಿತು. ಮತ್ತೆ ಬಂತು. ಮತ್ತೆ ನಿಂತಿತು. ಕೈಗೆ, ಮೀಸೆಗೆ ಜೋಳದ ಹಿಟ್ಟು ಬಳಿದುಕೊಂಡ ಅಮೀನಪ್ಪ ಬಾಗಿಲಿಗೆ ಬಂದು ನಿಂತ.

"ಏ ಯಮನವ್ವ, ಬಡದ್ ಬಡದಂಗ ರೊಟ್ಟಿ ಅಂಚು ಸೀಳಾಕತ್ತೈತಿ. ಏನ್ ಮಾಡ್ಲಿ?"

ಅವಳು ಕೂದಲನ್ನು ಇನ್ನೊಂದು ಮಗ್ಗುಲಿನ ಗಾಳಿಗೆ ತಿರುಗಿಸಿಕೊಂಡಳು.

"ಗಂಜಿ ಹಚ್ರಿ," ಎಂದಳು.